ಶಾಲೆ ಮೈದಾನದ ಬೀಗದ ಕೈ ಯಾರ ಹತ್ತಿರ ಇದೆ?

ಭಾನುವಾರ ಬೆಳಿಗ್ಗೆ ಪೀಣ್ಯ ಎರಡನೇ ಹಂತದಲ್ಲಿ ಬಸ್ಸಿಗೆ ಕಾದು ನಿಂತವರು ಈ ನೋಟ ಕಂಡೇ ಇರುತ್ತೀರಿ. ನಿಂತ ಲಾರಿಗಳ ಸಂದಿಯಲ್ಲಿ ಏಳೆಂಟು ಹುಡುಗರು, ವಿಕೆಟ್ಟಿಗೆ ಮೂರು ಇಟ್ಟಿಗೆ, ಒಂದು ರಬ್ಬರ್ ಚೆಂಡು. ಚೆಂಡು ಮೋರಿಗೆ ಬಿದ್ದರೆ ಕಡ್ಡಿಯಲ್ಲಿ ಎತ್ತಿ ಚಡ್ಡಿಗೆ ಒರೆಸಿಕೊಂಡು ಮತ್ತೆ ಆಟ. ಹೋದ ವಾರ ಚೆಂಡಿನ ಹಿಂದೆ ಓಡಿ ಬಂದ ಒಬ್ಬ ಪೋರ ಟೆಂಪೋ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ನಿಂತ. ಡ್ರೈವರ್ ಬೈದ, ಹುಡುಗ ನಕ್ಕ. ನೋಡಿದವರ ಎದೆ ಧಸಕ್ಕೆಂದಿತು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಒಂದು ಶಾಲೆ, ಶಾಲೆಗೊಂದು ಮೈದಾನ, ಮೈದಾನದ ಗೇಟಿಗೊಂದು ಬೀಗ. ಯಾವ ಶಾಲೆ ಅಂತ ಹೆಸರು ಬರೆಯುವುದಿಲ್ಲ. ಒಂದೇ ಆಗಿದ್ದರೆ ಬರೆಯಬಹುದಿತ್ತು.

ಇದೇ ವಾರ ಬೇರೆ ಕೆಲಸದ ಮೇಲೆ ವೈಟ್‌ಫೀಲ್ಡ್ ಕಡೆ ಹೋಗಿದ್ದೆ. ದೊಡ್ಡ ಅಪಾರ್ಟ್‌ಮೆಂಟೊಂದರ ಒಳಗೆ ಆರೇಳು ವರ್ಷದ ಮಕ್ಕಳಿಗೆ ಬೇಸ್‌ಬಾಲ್ ಪಾಠ ನಡೆದಿತ್ತು. ಅಮೆರಿಕದವರ ಆಟ ನಮಗ್ಯಾಕೆ ಅಂತ ಮೊದಲು ಮೂಗು ಮುರಿದೆ. ಅರ್ಧ ಗಂಟೆ ನಿಂತು ನೋಡಿದ ಮೇಲೆ ಮಾತು ವಾಪಸ್ ತಗೊಂಡೆ.

ಮಕ್ಕಳ ಕೈಗೆ ಮೊದಲು ಬ್ಯಾಟೇ ಕೊಡಲಿಲ್ಲ. ಎಸೆಯುವುದು, ಹಿಡಿಯುವುದು, ಅಷ್ಟೇ. ಬಲಗೈಯವನಾದರೆ ಎಡ ಭುಜ ಗುರಿಯ ಕಡೆ ತಿರುಗಬೇಕು, ಎಡಗಾಲು ಮುಂದೆ ಹೋಗಬೇಕು, ಆಮೇಲೆ ಕೈ ಬೀಸಬೇಕು. ಎದೆಯೆತ್ತರಕ್ಕೆ ಬಂದ ಚೆಂಡಿಗೆ ಬೆರಳು ಮೇಲಕ್ಕೆ, ಮೊಣಕಾಲಿಗೆ ಬಂದದ್ದಕ್ಕೆ ಬೆರಳು ಕೆಳಕ್ಕೆ, ಯಾವುದಕ್ಕಾದರೂ ಎರಡೂ ಕೈ. ಲಗೋರಿ ಆಡಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಬೆನ್ನಿಗೆ ಬಿದ್ದ ಏಟೇ ಕಲಿಸಿತ್ತು. ಈಗ ಲಗೋರಿ ಎಲ್ಲಿದೆ? ಎಂಟು ವರ್ಷದ ಮಗುವಿಗೆ ಕಲ್ಲು ಎಸೆದು ಮಾವಿನಕಾಯಿ ಬೀಳಿಸಲು ಬರುವುದಿಲ್ಲ. ಎಸೆಯೋಣವೆಂದರೆ ಮರವೂ ಇಲ್ಲ ಬಿಡಿ.

ಬ್ಯಾಟು ಬಂದ ಮೇಲೂ ಬೌಲರ್ ಇಲ್ಲ. ಸೊಂಟದೆತ್ತರದ ಕೊಳವೆಯ ಮೇಲೆ ಚೆಂಡು ಇಡುತ್ತಾರೆ, ಮಗು ನಿಂತ ಚೆಂಡಿಗೆ ಹೊಡೆದು ಓಡುತ್ತದೆ. ಇದಕ್ಕೆ ಟೀ-ಬಾಲ್ ಅನ್ನುತ್ತಾರೆ, ಕುಡಿಯೋ ಟೀ ಅಲ್ಲ. ಚೆಂಡು ಮೆತ್ತಗಿನದು. ನಿಜವಾದ ಬೇಸ್‌ಬಾಲ್ 142ರಿಂದ 149 ಗ್ರಾಂ, ಹೆಚ್ಚುಕಡಿಮೆ ನಮ್ಮ ಕ್ರಿಕೆಟ್ ಚೆಂಡಿನಷ್ಟೇ ಗಟ್ಟಿ. ಎಳೆ ಮೂತಿಗೆ ಬಿದ್ದರೆ ಹಲ್ಲು ಹೋದೀತು. ಒಬ್ಬನ ಕೈಯಲ್ಲಿ ಬ್ಯಾಟು, ಮಿಕ್ಕವರೆಲ್ಲ ದೂರ. ಅಮೆರಿಕದ ಲಿಟಲ್ ಲೀಗಿನಲ್ಲಿ ಏಳೆಂಟು ವರ್ಷದವರು ದಿನಕ್ಕೆ 50ಕ್ಕಿಂತ ಹೆಚ್ಚು ಚೆಂಡು ಪಿಚ್ ಮಾಡುವಂತಿಲ್ಲ, ಭುಜ ಹಾಳಾಗುತ್ತದೆಂದು ಲೆಕ್ಕ ಬರೆದಿಡುತ್ತಾರೆ. ನಮ್ಮಲ್ಲಿ ಕ್ರಿಕೆಟ್ ಹುಚ್ಚಿನ ಅಪ್ಪಂದಿರು ಇದನ್ನು ಓದಬೇಕು.

ಇದರಿಂದ ಅನ್ನ ಹುಟ್ಟುತ್ತಾ ಅಂತ ಕೇಳುವವರಿದ್ದೀರಿ. 2008ರಲ್ಲಿ ಟಿವಿ ಸ್ಪರ್ಧೆಯೊಂದರಲ್ಲಿ ಗೆದ್ದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಹುಡುಗರನ್ನು ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಅದು ಲಾಟರಿ. ಎಲ್ಲರಿಗೂ ಹೊಡೆಯುವುದಿಲ್ಲ, ಅದಕ್ಕಾಗಿ ಕಲಿಸುವುದೂ ಬೇಡ. ಕೈ, ಕಣ್ಣು, ಕಾಲು ಒಟ್ಟಿಗೆ ಕೆಲಸ ಮಾಡಲು ಕಲಿತ ಮಗು ನಾಳೆ ಖೋಖೋ ಆಡಲಿ, ಲೇತ್ ಮುಂದೆ ನಿಲ್ಲಲಿ, ಅಷ್ಟು ಸಾಕು.

ಖರ್ಚಿನ ಮಾತು ಬೇಡ. ಆ ಕೊಳವೆ ಮಾಡಲು ಪೀಣ್ಯದಲ್ಲಿ ಎಷ್ಟು ಹೊತ್ತು? ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದ ತುಂಡು ಪೈಪು, ಅಡಿಗೊಂದು ತಗಡು, ತುದಿಗೆ ರಬ್ಬರ್ ಹೋಸು. ಟೆನಿಸ್ ಚೆಂಡು ಅಂಗಡಿಯಲ್ಲೇ ಇದೆ. ಬೇಕಾದ್ದು ಜಾಗ. 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ 332 ಎಕರೆ ಹುಡುಕಿಕೊಟ್ಟ ನಾಡು ಇದು. ಶಾಲೆಗೆ ಆಟದ ಮೈದಾನ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಭಾನುವಾರ ಗೇಟು ತೆಗೆಯಬೇಕೆಂದು ಬರೆಯಲು ಮರೆತರು ಕಾಣುತ್ತೆ.

ಮೇಷ್ಟ್ರುಗಳನ್ನು ದೂರುವುದೂ ತಪ್ಪು. ಬೀಗ ತೆಗೆದ ಮಾರನೇ ದಿನ ಬಾಟಲಿ ಚೂರು ಗುಡಿಸುವವರು ಅವರೇ. ಅದಕ್ಕೇ ಅಂಗಡಿಯವರಲ್ಲಿ ಒಂದು ಕೇಳಿಕೆ. ಶಾಲೆಯ ಎದುರಿನ ಬೇಕರಿಯವರು, ದಿನಸಿಯವರು ಹೇಗಿದ್ದರೂ ಆರು ಗಂಟೆಗೆ ಷಟರ್ ಎತ್ತುತ್ತೀರಿ. ಎಸ್‌ಡಿಎಂಸಿಯವರ ಜೊತೆ ಮಾತಾಡಿ ಒಂದು ಬೀಗದ ಕೈ ನಿಮ್ಮ ಗಲ್ಲಾದಲ್ಲಿಟ್ಟುಕೊಳ್ಳಿ. ಭಾನುವಾರ ಏಳರಿಂದ ಒಂಬತ್ತು, ಎರಡೇ ಗಂಟೆ. ಒಳಗೆ ಹೋದವರು ಯಾರೆಂದು ನಿಮ್ಮ ಕಣ್ಣಿಗೆ ಬೀಳುತ್ತದೆ. ನಿಮ್ಮ ಗಾಜಿನ ಬೀರುವೂ ಉಳಿಯುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಇದಕ್ಕೆ ಒಪ್ಪಿಗೆಯ ಒಂದು ಕಾಗದ ಬರೆದುಕೊಡಲಿ.

ಮೊದಲು ಗೇಟು ತೆಗೆದ ಶಾಲೆಯ ಹೆಸರನ್ನು ಇದೇ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.