ವೃದ್ಧಾಶ್ರಮವನ್ನು ಬೈಯುವ ಮುನ್ನ

ನಮ್ಮ ಸಭೆಗಳಲ್ಲಿ ಸುಲಭವಾಗಿ ಚಪ್ಪಾಳೆ ಗಿಟ್ಟಿಸುವ ಮಾತೊಂದಿದೆ: ವೃದ್ಧಾಶ್ರಮಗಳು ಹೆಚ್ಚುತ್ತಿರುವುದು ಸಂಸ್ಕಾರ ಅಳಿದುದರ ಗುರುತು. ಪ್ರವಚನದಲ್ಲಿ, ಪುಣ್ಯಸ್ಮರಣೆಯಲ್ಲಿ, ಮದುವೆಯ ಆಶೀರ್ವಚನದಲ್ಲಿ ಈ ಮಾತು ಬಂದೇ ಬರುತ್ತದೆ. ಕೇಳಿದವರು ತಲೆದೂಗುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಗಳು ಮಾತ್ರ ಗಡಿಯಾರ ನೋಡುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಮಾವನ ಮಗ್ಗುಲು ಬದಲಿಸುವ ಹೊತ್ತಾಗಿರುತ್ತದೆ.

ಶರಣ ಬಂಧುಗಳೇ, ಆ ಹೆಣ್ಣುಮಗಳ ಕಡೆಯಿಂದ ಈ ಪ್ರಶ್ನೆಯನ್ನು ನೋಡೋಣ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ನಾವು ಅರಳುಮರಳು ಎಂದು ನಕ್ಕು ಬಿಡುವ ಮರೆವಿನ ರೋಗ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರನ್ನು ಕಾಡುತ್ತಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. ಅಂಥ ಹಿರಿಯರು ನಡುರಾತ್ರಿ ಚಿಲಕ ತೆಗೆದು ಹೊರಟುಬಿಡಬಹುದು, ಉಣಿಸಲು ಬಂದ ಕೈಯನ್ನೇ ಹೊಡೆಯಬಹುದು. ಇದನ್ನು ಒಬ್ಬರೇ ವರ್ಷಗಟ್ಟಲೆ ನಿಭಾಯಿಸಲಾಗದು.

ಆದರೂ ‘ಮನೆಯಲ್ಲೇ ನೋಡಿಕೊಳ್ಳುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಗಂಡಸರಲ್ಲಿ ಎಷ್ಟು ಜನ ಅಪ್ಪನ ಮಲಮೂತ್ರ ಬಳಿದಿದ್ದಾರೆ? ಅಣ್ಣ ಬೆಂಗಳೂರಿನಲ್ಲಿ, ತಮ್ಮ ಪುಣೆಯಲ್ಲಿ. ಊರಲ್ಲಿ ಉಳಿದ ಸೊಸೆಗೆ ಸೇವೆಯ ಪುಣ್ಯ. ಕೆಲವು ಮನೆಗಳಲ್ಲಿ ಮೊಣಕಾಲು ನೋವಿನ 65ರ ಅಜ್ಜಿಯೇ 75ರ ಅಜ್ಜನನ್ನು ಎತ್ತಿ ಕೂರಿಸುತ್ತಾಳೆ. ಕಾಯಕಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ ಎಂದು ವೇದಿಕೆಯಲ್ಲಿ ಸಾರುವ ನಾವು ಈ ಒಂದು ಕಾಯಕವನ್ನು ಹೆಣ್ಣಿನ ಹಣೆಗೇ ಬರೆದಿಟ್ಟಿದ್ದೇವೆ. ಮನೆತನದ ಮರ್ಯಾದೆ ಉಳಿಯುವುದು ಅವಳ ನಿದ್ದೆಯ ಬೆಲೆಯಲ್ಲಿ.

ಹಾಗಾದರೆ ಪಾಪ ಯಾವುದು? 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಒಂದು ಸಂಗತಿಯನ್ನು ನಾಡಿನ ಮುಂದಿಟ್ಟರು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರ 150ಕ್ಕೂ ಹೆಚ್ಚು ಪ್ರಕರಣಗಳಿದ್ದವು. ಆಸ್ತಿ ಬರೆಸಿಕೊಂಡ ಮೇಲೆ ಬಿಟ್ಟುಹೋದವರೂ ಇದ್ದರು. ಪಾಪ ಇದು. ಹೆತ್ತವರನ್ನು ಹೀಗೆ ತೊರೆಯುವುದು 2007ರ ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯಡಿ ಅಪರಾಧವೂ ಹೌದು. ಮೂರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಹಿಂದಕ್ಕೆ ಪಡೆಯಲೂ ಅವಕಾಶವಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಲು ವಕೀಲರು ಬೇಕಿಲ್ಲ. ಹಿರಿಯರ ಸಹಾಯವಾಣಿ 14567. ಈ ಮಾತುಗಳನ್ನು ಪ್ರವಚನದಲ್ಲಿ ಹೇಳಿದರೆ ಎಷ್ಟೋ ಅವ್ವಂದಿರಿಗೆ ಆಸರೆಯಾದೀತು.

ಹೀಗೆಂದರೆ ಕೈತೊಳೆದುಕೊಳ್ಳುವವರಿಗೆ ಬಾಗಿಲು ತೆರೆದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇಲ್ಲ. ನಡೆದಾಡುವ, ಮನೆಯಲ್ಲೇ ಇರಬಯಸುವ ಅಪ್ಪನನ್ನು ಕೋಣೆ ಖಾಲಿಯಾಗಲೆಂದು ಸಾಗಹಾಕುವುದು ದ್ರೋಹವೇ. ತಿಂಗಳಿಗೊಮ್ಮೆ ಹಣ ಕಳಿಸಿ ವರ್ಷಕ್ಕೊಮ್ಮೆ ಮುಖ ತೋರಿಸುವುದೂ ದ್ರೋಹವೇ. ಅದಕ್ಕೇ ನಿರ್ಧಾರಕ್ಕೆ ಮುನ್ನ ಕೆಲವು ಮಾತು ಇತ್ಯರ್ಥವಾಗಬೇಕು.

ಮೊದಲು, ಅವರನ್ನೇ ಕೇಳಿ. ಆಸ್ತಿ ಪಾಲಾಗುವಾಗ ಐದು ಜನ ಹಿರಿಯರನ್ನು ಕೂರಿಸುವ ನಾವು, ಅವ್ವ ಎಲ್ಲಿರಬೇಕೆಂದು ಅವ್ವನನ್ನೇ ಕೇಳುವುದಿಲ್ಲ. ಆಸ್ಪತ್ರೆಗೆಂದು ಸುಳ್ಳು ಹೇಳಿ ಕರೆದೊಯ್ದು ಬಿಟ್ಟುಬರುವುದಂತೂ ಕೂಡದು. ಎರಡನೆಯದು, ಮಕ್ಕಳು ಹೊಲ ಹಂಚಿಕೊಂಡಂತೆ ಸೇವೆಯ ದಿನಗಳನ್ನೂ ಖರ್ಚನ್ನೂ ಹಂಚಿಕೊಂಡು ನೋಡಿದ್ದಾರೆಯೇ? ನೋಡದೆ ‘ಆಗುವುದಿಲ್ಲ’ ಎನ್ನಬಾರದು. ಮೂರನೆಯದು, ಆಶ್ರಮವನ್ನು ಕಣ್ಣಾರೆ ಕಾಣಬೇಕು. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ? ವೈದ್ಯರು ಯಾವಾಗ ಬರುತ್ತಾರೆ? ಹೇಳದೆ ಕೇಳದೆ ಹೋದರೂ ಒಳಗೆ ಬಿಡುತ್ತಾರೆಯೇ? ಬೆಳಗಿನ ಲಿಂಗಪೂಜೆಗೆ ನೀರು, ಬಿಡುವು ಸಿಗುತ್ತದೆಯೇ? ಒಂದು ತಿಂಗಳು ಇಟ್ಟು ನೋಡಿ, ಒಗ್ಗದಿದ್ದರೆ ಮನೆಗೆ ಕರೆತರುವ ಮಾತು ಮೊದಲೇ ಕೊಟ್ಟಿರಬೇಕು.

ಇನ್ನು ಮಠಗಳ ಸಂಗತಿ. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಹಳ್ಳಿಯ ಮಕ್ಕಳು ಪ್ರಸಾದ ನಿಲಯದಲ್ಲಿದ್ದು ಓದಿ ಬೆಳೆದರು. ಹತ್ತು ವರ್ಷದ ಮಗನನ್ನು ಮಠದಲ್ಲಿ ಬಿಟ್ಟ ತಾಯಿಗೆ ಯಾರೂ ಸಂಸ್ಕಾರವಿಲ್ಲ ಎನ್ನಲಿಲ್ಲ. ಮಗು ಓದಿ ಮನೆಗೆ ಮರಳುತ್ತದೆ, ಮುಪ್ಪಿನವರು ಮರಳಲಿಕ್ಕಿಲ್ಲ, ನಿಜ. ಅದಕ್ಕೇ ಅವರು ಹೋಗುವ ಜಾಗ ಇನ್ನಷ್ಟು ನಮ್ಮದಾಗಿರಬೇಕು. ಜಿಲ್ಲೆಗೊಂದಾದರೂ 150 ನಿರ್ಗತಿಕ ಹಿರಿಯರಿಗೆ ಆಗುವಷ್ಟು ಆಶ್ರಮವಿರಲಿ ಎಂದು ಅದೇ ಕಾಯ್ದೆ ಬಯಸುತ್ತದೆ. ಅಷ್ಟರಿಂದಲೇ ಸಾಲುವುದಿಲ್ಲ.

ನಮ್ಮ ಹಲವು ಮಠಗಳಿಗೆ ನರ್ಸಿಂಗ್ ಕಾಲೇಜುಗಳಿವೆ, ವರ್ಷದ ಬಹುಪಾಲು ಬೀಗ ಬಿದ್ದಿರುವ ಯಾತ್ರಿನಿವಾಸಗಳಿವೆ, ದಾಸೋಹದ ಒಲೆ ಹೇಗೂ ದಿನವೂ ಉರಿಯುತ್ತದೆ. ಜಾತ್ರೆಯ ಮದ್ದುಗುಂಡಿನ ಖರ್ಚಿನಲ್ಲಿ ನಾಲ್ಕು ಕೋಣೆ ಸಜ್ಜಾದಾವು. ಮೊದಲಿಗೆ ಹಗಲು ಹೊತ್ತಿನ ಆರೈಕೆ ಸಾಕು: ಮುಂಜಾನೆ ಕರೆತಂದು ಬಿಟ್ಟು, ಸಂಜೆ ಕರೆದೊಯ್ಯುವ ವ್ಯವಸ್ಥೆ. ಮನೆಯ ಹೆಣ್ಣುಮಗಳು ಅಷ್ಟು ಹೊತ್ತು ಕಣ್ಣು ಮುಚ್ಚಿಯಾಳು, ಹೊಲಕ್ಕೋ ಕೆಲಸಕ್ಕೋ ಹೋಗಿಬಂದಾಳು.

ಪೂಜ್ಯರಲ್ಲಿ ವಿನಂತಿ ಇಷ್ಟೇ. ಮುಂದಿನ ಸಲ ವೇದಿಕೆಯಿಂದ ವೃದ್ಧಾಶ್ರಮವನ್ನು ಖಂಡಿಸುವ ಮುನ್ನ, ತಮ್ಮ ಮಠದಲ್ಲಿ ಹಾಸಿಗೆ ಹಿಡಿದವರಿಗೆ ಎಷ್ಟು ಮಂಚಗಳಿವೆ ಎಂದು ಅದೇ ಸಭೆಗೆ ತಿಳಿಸಿರಿ. ಭಕ್ತರು ಉಳಿದದ್ದನ್ನು ಕೂಡಿಸಿಕೊಡುತ್ತಾರೆ.