ಇರುವ ಪೇಟಿ ಮೊದಲು ಒಲಿಯಲಿ

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿರುವ ನಮ್ಮ ತರುಣರಲ್ಲಿ ಸಂಗೀತದ ಅಭಿರುಚಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ದಿನವಿಡೀ ಹೋಟೆಲಿನ ಒಲೆಯ ಮುಂದೆ ಬೆಂದವನೂ ಕಚೇರಿಯ ಲೆಕ್ಕದಲ್ಲಿ ಕಣ್ಣು ಸವೆಸಿದವನೂ ರಾತ್ರಿ ಒಂದು ಗಳಿಗೆ ಹಾರ್ಮೋನಿಯಂ ಮುಂದೆ ಕುಳಿತರೆ, ಅದಕ್ಕಿಂತ ಒಳ್ಳೆಯ ವಿಶ್ರಾಂತಿ ಬೇರೊಂದಿಲ್ಲ. ಆದರೆ ಇದರ ಬೆನ್ನಿಗೇ ಒಂದು ಚಾಪಲ್ಯವೂ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಸರಳೆ ವರಸೆ ಮುಗಿಯುವ ಮೊದಲೇ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಬೇಕು. ಅದು ಬಂದರೆ ಎಲೆಕ್ಟ್ರಾನಿಕ್ ಕೀಬೋರ್ಡು ಬೇಕು. ಇದಕ್ಕಾಗಿ ಧಣಿಗಳಲ್ಲಿ ಮುಂಗಡ, ಅಂಗಡಿಯಲ್ಲಿ ಕಂತು. ಊರಿನ ತಾಯಿತಂದೆಯರಿಗೆ ಸೇರಬೇಕಾದ ಹಣ ಅಂಗಡಿಗೆ ಸೇರುತ್ತದೆ. ಪಾಠ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ.

ಸ್ಕೇಲ್ ಚೇಂಜರ್ ಎಂದರೇನು? ಕಪ್ಪು ಬಿಳಿ ಕೀಗಳ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸಿ, ಬೆರಳಿನ ಅದೇ ರೂಢಿಯಿಂದ ಬೇರೆ ಶ್ರುತಿಯಲ್ಲಿ ನುಡಿಸಲು ಮಾಡಿದ ಅನುಕೂಲ. ಹಲವು ಗಾಯಕರಿಗೆ ಜೊತೆ ನೀಡಬೇಕಾದ ವೃತ್ತಿಯವರಿಗೆ ಅದು ಉಪಯುಕ್ತವೇ ಸರಿ. ಆದರೆ ಒಂದು ಸ್ಥಾಯಿಯಲ್ಲಿರುವುದು 12 ಸ್ವರಸ್ಥಾನಗಳು. ಅವು ಹಳೆಯ ಪೇಟಿಯಲ್ಲಿಯೂ ಉಂಟು. ಅವುಗಳಲ್ಲಿ ಯಾವುದನ್ನು ಷಡ್ಜ ಮಾಡಿಕೊಂಡರೂ ಅಲಂಕಾರ ನುಡಿಸಬಲ್ಲವನಿಗೆ ಆ ಯಂತ್ರ ಒಂದು ಸೌಕರ್ಯ. ನುಡಿಸಲಾರದವನಿಗೆ ಅದು ಊರುಗೋಲು.

ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ಬಳಕೆಗೆ ತರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನಿಜ. ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದದ್ದು 1910ರಲ್ಲಿ. ಏಳು ತಂತಿ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬ ಅಗತ್ಯ ಅದರ ಹಿಂದಿತ್ತು. ನಾಲ್ಕು ತಂತಿಗಳ ಮಿತಿಯನ್ನು ಕಂಡವರು ಐದನೆಯದನ್ನು ಬಯಸಿದರು. 1886ರಲ್ಲಿ ವಡೋದರೆಯ ಸಂಗೀತಶಾಲೆಯನ್ನು ಆರಂಭಿಸಿದ ಮೌಲಾ ಬಕ್ಷರಾದರೂ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು ಬಂದವರು. ಮನುಷ್ಯ ದೂರ ಹೋಗಬೇಕಾದದ್ದು ವಿದ್ಯೆಯನ್ನರಸಿ.

ಹೊಸ ವಾದ್ಯದಿಂದ ಉತ್ಸಾಹ ಬರುತ್ತದೆ ಎನ್ನುವವರುಂಟು. ಬರುತ್ತದೆ, ಕಂತು ತೀರುವವರೆಗೆ ಆ ಉತ್ಸಾಹ ನಿಲ್ಲುವುದು ಅಪರೂಪ. ಹೋಟೆಲಿನ ಬಾಂಧವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಕಾವಲಿಯಿಂದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಪಳಗಿದ ಕಾವಲಿಯನ್ನು ಯಾವ ಭಟ್ಟರೂ ಬಿಟ್ಟುಕೊಡುವುದಿಲ್ಲ.

ಹಾಗೆಂದು ಕೆಟ್ಟ ವಾದ್ಯವನ್ನೇ ಸಹಿಸಿಕೊಳ್ಳಿರೆಂದು ನಮ್ಮ ಅಭಿಪ್ರಾಯವಲ್ಲ. ಅಪಸ್ವರದ ಪೇಟಿ ಕಿವಿಯನ್ನೇ ಕೆಡಿಸುತ್ತದೆ. ತಿದಿಯಲ್ಲಿ ಗಾಳಿ ಸೋರಿದರೆ ತೇಪೆ ಹಾಕಿಸಿರಿ. ರೀಡು ಶ್ರುತಿ ತಪ್ಪಿದರೆ ಸರಿಪಡಿಸಿರಿ. ಹಾರ್ಮೋನಿಯಂ ರೀಡುಗಳಿಗೆ ಹೆಸರಾದ ಪಾಲಿತಾಣವು ಈ ಗುಜರಾತಿನಲ್ಲಿಯೇ ಇದೆ.

ಏಳು ಅಲಂಕಾರಗಳನ್ನು ಮೂರು ಕಾಲಗಳಲ್ಲಿ ತಡವರಿಸದೆ ನುಡಿಸಿ, ಒಂದು ಭಜನೆಗೆ ತಾಳ ತಪ್ಪದೆ ಜೊತೆ ನೀಡಿದ ತರುಣನು ಧಾರಾಳವಾಗಿ ಹೊಸ ವಾದ್ಯವನ್ನು ಬಯಸಲಿ. ಅಲ್ಲಿಯವರೆಗೆ ನಮ್ಮ ಸಂಘಗಳು ತಲಾ ಒಂದೊಂದು ಉತ್ತಮ ವಾದ್ಯವನ್ನು ಕೊಂಡಿಟ್ಟು, ಎಲ್ಲರ ಕೈಗೂ ಸಿಗುವಂತೆ ಮಾಡಿದರೆ ಬಡ ಕೆಲಸಗಾರನ ಸಾಲ ತಪ್ಪೀತು. ಸಂಘಗಳ ಮುಖಂಡರು ಇದನ್ನು ಮುಂದಿನ ಸಭೆಯಲ್ಲಿಯೇ ಯೋಚಿಸುವರೆಂದು ನಂಬುತ್ತೇವೆ.