ಈ ದಿನ, ಅಂದು: ಜೂನ್ 18

ಸೋದರಿಯರೇ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಜೂನ್ 18ನ್ನು ಒಮ್ಮೆ ನೋಡಿ.

1928ರಲ್ಲಿ ಇದೇ ದಿನ ಅಮೆಲಿಯಾ ಇಯರ್‌ಹಾರ್ಟ್ ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದ ಮೊದಲ ಮಹಿಳೆಯಾದರು. ವಿಮಾನ ನಡೆಸಿದವರು ಗಂಡಸರು. ತಾವು ಬರೀ ಆಲೂಗೆಡ್ಡೆ ಮೂಟೆಯ ಹಾಗೆ ಕೂತಿದ್ದೆವು ಅಂದರಂತೆ! 1932ರಲ್ಲಿ ಒಬ್ಬರೇ ನಡೆಸಿಕೊಂಡು ದಾಟಿದರು.

1980ರ ಇದೇ ದಿನ ನಮ್ಮ ಬೆಂಗಳೂರಿನ ಶಕುಂತಲಾದೇವಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿದರು. ಹಿಡಿದದ್ದು 28 ಸೆಕೆಂಡು, ಒಗ್ಗರಣೆಯ ಸಾಸಿವೆ ಸಿಡಿಯುವಷ್ಟು ಹೊತ್ತು! ಶಾಲೆಯ ಓದು ಅವರಿಗೆ ಸಿಕ್ಕಿರಲಿಲ್ಲ.

1983ರಲ್ಲಿ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೆ ಹಾರಿದರು. ಅಮೆರಿಕದ ಮಹಿಳೆಯರಲ್ಲಿ ಅವರೇ ಮೊದಲಿಗರು.

ಮಗಳು ಲೆಕ್ಕದ ಪುಸ್ತಕ ಮುಚ್ಚಿಟ್ಟು ಕೂತರೆ “ಹೆಣ್ಣಿಗೆ ಇಷ್ಟು ಸಾಕು” ಅನ್ನಬೇಡಿ. ಈ ತಾರೀಖು ತೋರಿಸಿ, ಪುಸ್ತಕ ಮತ್ತೆ ತೆರೆಸಿ.